ಬೂದಿ ಮ್ಯಾಲ ಯಾಕ ಒತ್ತತೀರಿ

“ಇಲ್ಲಿ ಏನೂ ಇಲ್ಲ.”

ಕಂಪ್ಯೂಟರಿನ ಪರದೆಯ ಮೇಲೆ ಆ ಮಾತು ಮೂಡಿತು, ಮಾಯವಾಯಿತು. ತಿರುಪತಿ ಮತ್ತೆ ಅಲ್ಲೇ ಒತ್ತಿದ. ಮತ್ತೆ ಅದೇ ಮಾತು. ಪಕ್ಕದ ಕಂಪ್ಯೂಟರಿನಲ್ಲೂ ಅದೇ, ಅದರಾಚೆಗಿನದರಲ್ಲೂ ಅದೇ. ಏಳನೆಯ ಕ್ಲಾಸಿನ ಮಕ್ಕಳೆಲ್ಲ ಮೊದಲೇ ಮಾತಾಡಿಕೊಂಡವರ ಹಾಗೆ ಒಂದೇ ಜಾಗ ಹಿಡಿದು ಕುಟ್ಟುತ್ತಿದ್ದವು. ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದ ಬಸವೇಶ್ವರಿ ಟೀಚರು ನೋಡಿದಳು, ನೋಡಿಯೇ ನೋಡಿದಳು, ಕೊನೆಗೆ ತಡೆಯಲಾರದೆ ಹಣೆ ಹಣೆ ಬಡಿದುಕೊಂಡಳು.

“ಅಯ್ಯ ನನ್ನ ಶಿವನೇ! ಬೂದಿ ಮ್ಯಾಲ ಯಾಕ ಒತ್ತತೀರಿ? ಬೂದ್ಯಾಗ ಏನೈತಿ?”

“ಏನಿಲ್ರಿ ಟೀಚರ್,” ಅಂದ ತಿರುಪತಿ. ಅಂದು ಮತ್ತೊಮ್ಮೆ ಬೂದಿಯ ಮೇಲೇ ಒತ್ತಿದ.

ಸಿಟ್ಟು ಬರದೆ ಏನು ಮಾಡೀತು? ಅದು ಬಸವೇಶ್ವರಿ ಸ್ವಂತ ಕೈಯಿಂದ ಮಾಡಿದ ಆಟ. ರಾಯಚೂರು ಪೇಟೆಯಲ್ಲಿ ಬೆಳೆದಾಕಿ, ಗಡಿಯಾಚೆ ತೆಲುಗು ಸೀಮೆಯ ನಾರಾಯಣಪೇಟೆಗೆ ಸೊಸೆಯಾಗಿ ಬಂದಾಕಿ, ದಿನಾ ಬಸ್ಸು ಹಿಡಿದು ಮಕ್ತಲ್‌ಗೆ ಬಂದು ಕನ್ನಡ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವಾಕಿ. ಮಕ್ಕಳಿಗೆ ಆಡಲಿಕ್ಕೆ ಕನ್ನಡದ್ದೊಂದು ಪತ್ತೇದಾರಿ ಆಟ ಇಲ್ಲವಲ್ಲ ಅಂತ ವರ್ಷವೊಪ್ಪತ್ತು ಕೂತು ಇದನ್ನು ಕಟ್ಟಿದ್ದಳು. ಹೆಸರು ‘ಬುಗುಡಿ ಎಲ್ಲಿ?’ ಗದ್ವಾಲದ ಒಂದು ದೊಡ್ಡ ಮನೆ, ಅಲ್ಲೊಬ್ಬ ಅಜ್ಜಿ, ಅಜ್ಜಿಯ ಕಿವಿಯ ಬುಗುಡಿ ಕಾಣೆ. ಆಡುವವರು ಕೋಣೆ ಕೋಣೆ ಹೊಕ್ಕು, ಕಂಡ ಕಂಡ ಸಾಮಾನಿನ ಮೇಲೆ ಒತ್ತಿ ಗುರುತು ಹುಡುಕಬೇಕು. ಪೆಟ್ಟಿಗೆಯ ಮೇಲೆ ಅರಿಶಿನದ ಬೆರಳ ಗುರುತು, ಕಿಟಕಿಯ ಮೊಳೆಗೆ ಸಿಕ್ಕಿಕೊಂಡ ಜರಿಯ ಎಳೆ, ದಿಂಬಿನ ಕೆಳಗೆ ರಾಯಚೂರು ಬಸ್ಸಿನ ಟಿಕೀಟು. ಎಲ್ಲ ಕೂಡಿಸಿ ನೋಡಿದರೆ ಕಳ್ಳರು ಯಾರಂತ ಗೊತ್ತಾಗುತ್ತದೆ. ಆಮೇಲೆ ಆ ಮನೆಯವರ ಚಿತ್ರಗಳಲ್ಲಿ ಒಂದನ್ನು ಆರಿಸಿ, ‘ಕಳ್ಳರು ಇವರೇ’ ಅನ್ನುವ ಕೆಂಪು ಗುಂಡಿ ಒತ್ತಿದರೆ ಮುಗಿಯಿತು. ಪೊಲೀಸ್ ಬರುತ್ತಾನೆ, ಡೊಳ್ಳು ಮೊಳಗುತ್ತವೆ, ಗೆದ್ದಂತೆ.

ಆ ಬೂದಿ? ಅದು ಬರೀ ಶೋಭೆಗೆ ಇದ್ದದ್ದು. ಅಡುಗೆಮನೆಯ ಚಿತ್ರ ಬೇಕಾಗಿತ್ತು ಅಂತ ಮರಿಕಲ್ ಹತ್ತಿರದ ನೆಂಟರ ಮನೆಗೆ ಹೋದಾಗ ಒಂದು ಫೋಟೋ ಹೊಡೆದುಕೊಂಡು ಬಂದಿದ್ದಳು. ಒಲೆಯ ಪಕ್ಕದಲ್ಲಿ ಒಂದು ಬುಟ್ಟಿ ಬೂದಿ ಇತ್ತು, ಇರಲಿ ಬಿಡು ಅಂತ ಬಿಟ್ಟಿದ್ದಳು. ಅದೇ ಈಗ ಕೊರಳಿಗೆ ಬಂದಿತ್ತು.

ಯಾಕಂದರೆ ಶನಿವಾರ ಗದ್ವಾಲದಲ್ಲಿ ಟೀಚರುಗಳು ಮಾಡಿದ ಆಟಗಳ ಸ್ಪರ್ಧೆ. ಬೇರೆ ಶಾಲೆಗಳ ಮಕ್ಕಳು ಬಂದು ಆಡುತ್ತಾರೆ. ಮಾಡಿದವರು ಪಿಟ್ಟೆನ್ನಬಾರದು, ಬೆರಳು ತೋರಿಸಬಾರದು. ಮಕ್ಕಳು ತಾವಾಗಿಯೇ ಕೊನೆ ಮುಟ್ಟಿದ ಆಟವನ್ನು ಎಲ್ಲ ಶಾಲೆಗಳಿಗೂ ಕೊಡುತ್ತಾರೆ. ಮುಟ್ಟದಿದ್ದರೆ ಚೀಲ ಹೆಗಲಿಗೇರಿಸಿ ಮನೆಗೆ. ಮನೆಯಲ್ಲಿ ಅತ್ತಿ ಅಂತೂ, “ದುಡಿಯೂ ವಯಸ್ಸಿನಾಗ ಆಟ ಆಡಾಕತ್ತಾಳ ನಮ್ಮ ಸೊಸಿ” ಅಂತ ಓಣಿಗೆಲ್ಲ ಸಾರಿಯಾಗಿತ್ತು. ಇವತ್ತು ಗುರುವಾರ. ತನ್ನ ಮಕ್ಕಳೇ ಬೂದಿಯಲ್ಲಿ ಹೂತುಕೊಂಡು ಕೂತಿದ್ದವು.

“ಶಿರೀಷಾ, ನೀ ಶ್ಯಾಣ್ಯಾಕಿ ಅದೀ. ನೀ ಹೇಳು. ಬುಗುಡಿ ಕದ್ದವರು ಯಾರು?”

ಬಸವೇಶ್ವರಿಯ ಮೇಜಿಗೆ ತೀರ ಹತ್ತಿರದ ಕಂಪ್ಯೂಟರಿನಲ್ಲಿದ್ದ ಶಿರೀಷಾ ಎದ್ದು ನಿಂತಳು. ಎರಡು ಜಡೆ, ಒಂದಕ್ಕೆ ರಿಬ್ಬನ್ನಿಲ್ಲ.

“ಸಣ್ಣ ಸೊಸಿ ರೀ.”

“ಎಷ್ಟೊತ್ತಿಗೆ ಗೊತ್ತಾತು?”

“ಆವಾಗ್ಲೇ ಗೊತ್ತಾಗೇತ್ರಿ. ಎಲ್ಲರಿಗೂ ಗೊತ್ತೈತ್ರಿ.”

“ಹೌದ್ರಿ, ಸೊಸೀನೇ ರೀ!” ಅಂತ ಕ್ಲಾಸೇ ಕೂಗಿತು.

ಬಸವೇಶ್ವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಗೊತ್ತಿದ್ರ ಕೆಂಪು ಗುಂಡಿ ಒತ್ತಾಕ ನಿಮ್ಮ ಬೆರಳಿಗೆ ಏನಾಗೇತಿ? ಒತ್ತು, ಈಗ ಒತ್ತು, ನನ್ನ ಕಣ್ಣ ಮುಂದ ಒತ್ತು!”

ಶಿರೀಷಾ ಮೌಸಿನ ಮೇಲೆ ಕೈ ಇಟ್ಟಳು. ಸಣ್ಣ ಸೊಸೆಯ ಚಿತ್ರ ನೋಡಿದಳು. ಕೈ ತೆಗೆದಳು.

“ಒತ್ತಿದ್ರ ಮನಿ ಮಂದಿಗೆಲ್ಲಾ ಗೊತ್ತಾಗತೈತೇನ್ರಿ?”

“ಆಗಲೇಬೇಕಲ್ಲವ್ವ! ಅದಕ್ಕ ಇರೂದು ಗುಂಡಿ!”

“ಅಮ್ಯಾಲ ಆಕಿ ಆ ಮನ್ಯಾಗ ಹೆಂಗ ಇರಬೇಕ್ರಿ?”

“ಯಾರು?”

“ಸೊಸಿ ರೀ.”

ಬಸವೇಶ್ವರಿ ಪರದೆಗೆ ಬೆರಳು ಕುಟ್ಟಿದಳು. “ಆಕಿ ಚಿತ್ರ ಐತವ್ವಾ! ಚಿತ್ರ! ನಾನೇ ಬರದದ್ದು! ಆಕಿಗೆ ಮನಿ ಇಲ್ಲ, ಅತ್ತಿ ಇಲ್ಲ, ನಾಳೆ ಅಂಬೂದಿಲ್ಲ. ಕಂಪ್ಯೂಟರ್ ಬಂದ್ ಮಾಡಿದ್ರ ಆಕೀನೂ ಬಂದ್! ತಿಳೀತೇನು?”

“ತಿಳೀತ್ರಿ,” ಅಂದಳು ಶಿರೀಷಾ. ಆದರೆ ಗುಂಡಿ ಒತ್ತಲಿಲ್ಲ. “ನಮ್ಮ ಮನ್ಯಾಗ ಏನರ ಕಳದ್ರ, ಟೀಚರ್, ನಮ್ಮವ್ವ ಏನ್ ಮಾಡ್ತಾಳಂದ್ರ—”

“ನಿಮ್ಮವ್ವನ ಕತಿ ಕೇಳಾಕ ನನಗ ಟೈಮಿಲ್ಲ! ನಾಡಿದ್ದು ಗದ್ವಾಲದಾಗ ನನ್ನ ಮಾನ ಹೋಗೂದೈತಿ, ನೀವು ಇಲ್ಲಿ ಬೂದಿ ಕೆದರಿಕೋತ ಕುಂತೀರಿ. ಸಾಕು. ಏಳ್ರಿ ಎಲ್ಲಾ!”

ಪೆನ್‌ಡ್ರೈವ್ ಕಿತ್ತಳು. ಅದೇ ಹೊತ್ತಿಗೆ ಗಂಟೆ ಹೊಡೆಯಿತು, ರಸ್ತೆಯಲ್ಲಿ ನಾರಾಯಣಪೇಟೆ ಬಸ್ಸಿನ ಹಾರ್ನೂ ಕೇಳಿಸಿತು. ಬೈಯುತ್ತಲೇ ಚೀಲ ತುಂಬಿದಳು, ಬೈಯುತ್ತಲೇ ಓಡಿದಳು, ಕೊರಳಲ್ಲಿ ನೇತಾಡುವ ಕಾರ್ಡು ಕಂಡಕ್ಟರನಿಗೆ ತೋರಿಸಿ ಕೂತ ಮೇಲೂ ಬೈಯುತ್ತಲೇ ಇದ್ದಳು. ಹಿಂದೆ ಕುರ್ಚಿ ಜೋಡಿಸಿಡಲು ಶಿರೀಷಾ ಒಬ್ಬಳೇ ನಿಂತಿದ್ದಳು.

ಶುಕ್ರವಾರ ಬೆಳಗ್ಗೆ ನೋಡಿದರೆ ಪೆನ್‌ಡ್ರೈವ್ ಇಲ್ಲ.

ಮೇಜಿನ ಮೇಲೆ ಇಲ್ಲ, ಡ್ರಾದಲ್ಲಿ ಇಲ್ಲ, ಚೀಲ ತಲೆಕೆಳಗು ಮಾಡಿ ಕೊಡವಿದರೂ ಇಲ್ಲ. ಮೇಜಿನ ಮೇಲೇ ಇಟ್ಟಿದ್ದೆ ಅಂತ ಅವಳಿಗೆ ಚೆನ್ನಾಗಿ ನೆನಪಿತ್ತು. ಉಗುರಿನಷ್ಟು ಸಣ್ಣದು, ಕರ್ರಗೆ ಚಪ್ಪಟೆಯಾದದ್ದು. ಆಟ ಇದ್ದದ್ದೆಲ್ಲ ಅದರಲ್ಲೇ. ಮನೆಯ ಲ್ಯಾಪ್‌ಟಾಪು ಬೇಸಿಗೆಯಲ್ಲಿ ಕರೆಂಟು ಏರಿಳಿದು ಸುಟ್ಟು ಹೋಗಿತ್ತು. ಶಾಲೆಯ ಕಂಪ್ಯೂಟರುಗಳೋ ಬಂದ್ ಮಾಡಿದ ಕೂಡಲೇ ಹಾಕಿದ್ದನ್ನೆಲ್ಲ ಒರೆಸಿಬಿಡುವಂಥವು. ಹಾಗೆ ಬೀಗ ಹಾಕಿ ಕೊಟ್ಟು ಹೋದ ಪುಣ್ಯಾತ್ಮರು ಪಾಸ್‌ವರ್ಡು ಹೇಳಿರಲೇ ಇಲ್ಲ. ಅಂದರೆ, ಪೆನ್‌ಡ್ರೈವ್ ಹೋದರೆ ವರ್ಷದ ದುಡಿತ ಹೋಯಿತು, ಗದ್ವಾಲವೂ ಹೋಯಿತು.

ಬಸವೇಶ್ವರಿ ಇನ್ನೊಮ್ಮೆ ಚೀಲ ಕೊಡವಿ ನೋಡಿದಳು. ಆಮೇಲೆ ತಲೆ ಓಡಿತು. ಪತ್ತೇದಾರಿ ಆಟ ಮಾಡಿದಾಕೆಯ ತಲೆ, ಕೇಳಬೇಕೆ? ಮೇಜಿಗೆ ಹತ್ತಿರ ಕೂತದ್ದು ಯಾರು? ಶಿರೀಷಾ. ಎಲ್ಲರೂ ಹೋದ ಮೇಲೆ ಕೋಣೆಯಲ್ಲಿ ಉಳಿದದ್ದು ಯಾರು? ಶಿರೀಷಾ. ಎಲ್ಲರ ಮುಂದೆ ಬೈಸಿಕೊಂಡದ್ದು ಯಾರು? ಶಿರೀಷಾ. ಅರಿಶಿನದ ಗುರುತು, ಜರಿಯ ಎಳೆ, ಬಸ್ ಟಿಕೀಟು ಮೂರೂ ಸಿಕ್ಕಂತಾಯಿತು. ಆ ಸಂಕಟದಲ್ಲೂ ತನ್ನ ಬುದ್ಧಿಗೆ ತಾನೇ ಭೇಷ್ ಅಂದುಕೊಂಡಳು, ಹೆಡ್‌ಮಾಸ್ತರರನ್ನು ಕರೆದುಕೊಂಡೇ ಕ್ಲಾಸಿಗೆ ಬಂದಳು.

ಹೆಡ್‌ಮಾಸ್ತರ್ ಮಹಾಂತಯ್ಯನವರು ಗಲಾಟೆ ಅಂದರೆ ದೂರ ಓಡುವ ಮನುಷ್ಯ. “ತಕರಾರು ಬ್ಯಾಡ್ರಿ ಟೀಚರ್. ಹಿರೇರು ಬರ್ತಾರ, ಪಂಚನಾಮಿ ಮಾಡ್ತಾರ, ಊರಾಗೆಲ್ಲಾ ಹಬ್ಬತೈತಿ,” ಅಂತ ಬಾಗಿಲಲ್ಲೇ ಗೊಣಗಿದರು. ಬಸವೇಶ್ವರಿ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

“ನನ್ನ ಪೆನ್‌ಡ್ರೈವ್ ಯಾರು ತಗೊಂಡೀರಂತ ನನಗ ಗೊತ್ತೈತಿ,” ಅಂದಳು ಮಕ್ಕಳಿಗೆ. “ತಾವಾಗೇ ಎದ್ದು ಕೊಟ್ರ ಛಲೋ. ಇಲ್ಲಾಂದ್ರ ನಾನೇ ಹೆಸರು ಹೇಳ್ತೀನಿ. ನಿನ್ನಿ ಕುರ್ಚಿ ಜೋಡಿಸಾಕಂತ ಹಿಂದ ಉಳಿದವರು ಯಾರು?”

ಎಲ್ಲ ತಲೆಗಳೂ ಶಿರೀಷಾಳ ಕಡೆ ತಿರುಗಿದವು. ಶಿರೀಷಾ ಏಳಲಿಲ್ಲ. ರಿಬ್ಬನ್ನಿಲ್ಲದ ಜಡೆಯ ತುದಿ ಹಿಡಿದುಕೊಂಡು ಕೂತಳು.

“ನಾ ಹೇಳಲೇನು ಹಂಗಾರ?” ಅಂದಳು ಬಸವೇಶ್ವರಿ.

“ಬ್ಯಾಡ್ರಿ ಟೀಚರ್!” ತಿರುಪತಿ ಬೆಂಚಿನಿಂದ ಹಾರಿ ಎದ್ದಿದ್ದ. “ಹೆಸರು ಹೇಳಬ್ಯಾಡ್ರಿ! ಬೂದಿ ಇಡ್ರಿ!”

“ಮತ್ತ ಬೂದಿ! ಏನೋ ಅದು ನಿನ್ನ ಬೂದಿ?”

“ಬೂದಿಬುಟ್ಟಿ ರೀ. ಮನ್ಯಾಗ ಏನರ ಕಳದ್ರ ಕತ್ತಲ ಕೋಣ್ಯಾಗ ಒಂದು ಬುಟ್ಟಿ ಬೂದಿ ಇಡ್ತಾರ್ರಿ. ಮನಿ ಮಂದಿ ಎಲ್ಲಾ ಒಬ್ಬೊಬ್ಬರ ಹೋಗಿ ಮುಷ್ಟಿ ಕಟ್ಟಿಕೊಂಡು ಬೂದ್ಯಾಗ ಕೈ ಹಾಕಿ ಬರ್ತಾರ. ತಗೊಂಡವರು ಅದರಾಗ ಬಿಟ್ಟು ಬರ್ತಾರ. ಅಮ್ಯಾಲ ಜರಡಿ ಹಿಡದ್ರ ಸಾಮಾನು ಸಿಗತೈತಿ. ಯಾರು ಅಂತ ಯಾರೂ ಕೇಳಬಾರದು. ಅವರೂ ಹೇಳಬಾರದು. ಅಷ್ಟ.”

ಬಸವೇಶ್ವರಿ ಅವನನ್ನೇ ನೋಡಿದಳು. “ಅದಕ್ಕೇನು ನಿನ್ನಿ ಎಲ್ಲಾರೂ ಬೂದಿ ಮ್ಯಾಲ ಒತ್ತಿದ್ದು?”

“ಹೌದ್ರಿ. ಬೂದಿ ಬುಟ್ಟಿ ಐತಲ್ರಿ ಅಡಗಿಮನ್ಯಾಗ! ಅದಕ್ಕ ಇಟ್ಟೀರಿ ಅಂತ ತಿಳಕೊಂಡ್ವಿ. ಒತ್ತಿದ್ರ ಏನೂ ಇಲ್ಲ ಅಂತೈತ್ರಿ ನಿಮ್ಮ ಆಟ.” ತಪ್ಪೆಲ್ಲ ಆಟದ್ದೇ ಅನ್ನುವ ಧಾಟಿಯಲ್ಲಿ ಹೇಳಿದ.

ಮಹಾಂತಯ್ಯನವರ ಮುಖ ಅರಳಿತು. “ಅರೇ, ನಮ್ಮ ಅಜ್ಜಿ ಇಡ್ತಿದ್ದಳ್ರಿ ಇದನ್ನ! ಆಗಲಿ, ಇದೇ ಮಾಡಿಬಿಡೋಣ. ಮಾತಿಲ್ಲ ಕತಿಯಿಲ್ಲ, ಯಾರ ಮಾನಾನೂ ಹೋಗಂಗಿಲ್ಲ.”

“ಸರ್, ಕಂಪ್ಯೂಟರ್ ಕಾಲದಾಗ ಬೂದ್ಯಾಗ ಕೈ ಹಾಕೂದೇನ್ರಿ?”

“ನಿಮಗ ಪೆನ್‌ಡ್ರೈವ್ ಬೇಕೋ, ಕಳ್ಳರು ಬೇಕೋ?”

“ಏನರ ಮಾಡ್ರಿ,” ಅಂದಳು ಬಸವೇಶ್ವರಿ.

ಬಿಸಿಯೂಟದ ಕುರುಮಮ್ಮನ ಒಲೆಯಿಂದ ಬುಟ್ಟಿ ತುಂಬ ಬೂದಿ ಬಂತು. “ಅಯ್ಯೋ, ನಾ ಬೂಡಿದ! ನನ್ನ ಬೂದಿ! ಭಾಂಡೆ ಯಾವದ್ರಿಂದ ತಿಕ್ಕಲಿ ನಾ?” ಅಂತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒದರುತ್ತ ಆಕೆ ಬುಟ್ಟಿಯ ಹಿಂದೆಯೇ ಬಂದಳು. ಮುರಿದ ಬೆಂಚುಗಳನ್ನು ತುಂಬಿದ್ದ ಕೋಣೆಯ ಕಿಟಕಿ ಮುಚ್ಚಿ ಬುಟ್ಟಿ ಒಳಗಿಟ್ಟರು. ಮಕ್ಕಳು ಸಾಲಾಗಿ ನಿಂತವು. ಉಳಿದ ದಿನ ಸಾಲು ಅಂದರೆ ದೊಂಬಿ ಎಬ್ಬಿಸುವ ಮಕ್ಕಳು, ಇವತ್ತು ಗಪ್‌ಚಿಪ್. ಒಬ್ಬೊಬ್ಬರೇ ಹೋಗಿ, ಮಣಿಕಟ್ಟಿನವರೆಗೆ ಬೂದಿ ಬಳಿದುಕೊಂಡು ಬರುತ್ತಿದ್ದರು. ಶಿರೀಷಾ ಹೋದಳು, ಬಂದಳು. ಹೋದಾಗಲೂ ಯಾರ ಮುಖ ನೋಡಲಿಲ್ಲ, ಬಂದಾಗಲೂ ನೋಡಲಿಲ್ಲ. ಕುರುಮಮ್ಮ ಹೋಗಿ ಬಂದಳು. ಮಹಾಂತಯ್ಯನವರೂ ಅಂಗಿಯ ತೋಳು ಮಡಚಿಕೊಂಡು ಹೋಗಿ, ಸೀನುತ್ತ ಬಂದರು.

“ಮುಗೀತಲ್ಲ? ಜರಡಿ ತರ್ರಿ,” ಅಂದಳು ಬಸವೇಶ್ವರಿ.

“ನೀವ್ರಿ?” ಅಂದ ತಿರುಪತಿ.

“ನಾನ್ಯಾಕ? ಕಳಕೊಂಡಾಕಿ ನಾನು!”

“ಎಲ್ಲಾರೂ ಹೋಗಬೇಕ್ರಿ. ಕಳಕೊಂಡವರೂ ಹೋಗಬೇಕು. ಇಲ್ಲಾಂದ್ರ ಬೂದಿ ನಡಿಯಂಗಿಲ್ರಿ.”

“ನಡಿಯಂಗಿಲ್ಲಂತ! ಬೂದಿಗೂ ಕಾನೂನು!” ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಪ್ಪಳಿಸುತ್ತ ಬಸವೇಶ್ವರಿ ಕತ್ತಲೊಳಗೆ ಹೋದಳು.

ಒಳಗೆ ಏನೂ ಕಾಣುತ್ತಿರಲಿಲ್ಲ. ತಡಕಾಡಿ ಬುಟ್ಟಿ ಹುಡುಕಿ ಬಗ್ಗಿದಳೋ ಇಲ್ಲವೋ, ಕೊರಳ ಕಾರ್ಡು ಜೋಲಿ ಹೊಡೆದು ಬೂದಿಯೊಳಗೆ ಬಿತ್ತು. “ಥೂ ಇದರ!” ಅಂತ ಎತ್ತಿ ಒರೆಸಿದಳು. ಶಾಲೆಯ ಕಾರ್ಡು ಮುಂದೆ, ಬಸ್ಸಿನ ಪುಕ್ಕಟೆ ಟಿಕೀಟಿಗೆ ಬೇಕಾದ ಆಧಾರ್ ಕಾರ್ಡು ಹಿಂದೆ. ಎರಡರ ನಡುವೆ ಬೆರಳಿಗೆ ಏನೋ ಗಟ್ಟಿ ತಾಗಿತು. ಉಗುರಿನಷ್ಟು ಸಣ್ಣದು. ಚಪ್ಪಟೆ.

ಪೆನ್‌ಡ್ರೈವ್!

ಕಳೆದುಹೋಗಬಾರದು ಅಂತ ತಾನೇ ಅಲ್ಲಿ ತುರುಕಿದ್ದು. ಗಂಟೆ ಹೊಡೆಯುತ್ತಿದ್ದಾಗ, ಬಸ್ಸು ಕೂಗುತ್ತಿದ್ದಾಗ, ಬೈಗುಳದ ಭರದಲ್ಲಿ. ಈಗ ಎಲ್ಲ ನೆನಪಿಗೆ ಬಂತು. ನಿನ್ನೆಯಿಂದ ಎದೆಯ ಮೇಲೇ ನೇತಾಡುತ್ತಿತ್ತು. ಅದನ್ನು ಎದೆಯ ಮೇಲೆ ಇಟ್ಟುಕೊಂಡೇ ಆ ಹುಡುಗಿಯ ಕಡೆ ಬೆರಳು ಮಾಡಿದ್ದಳು.

ಹೊರಗೆ ಹೋಗಿ ಹೇಳಬೇಕು. ಏನಂತ? ಮಹಾಂತಯ್ಯನವರು ನಗುತ್ತಾರೆ. ಕುರುಮಮ್ಮ ಸಂಜೆಯೊಳಗೆ ಮಕ್ತಲ್‌ಗೆಲ್ಲ ಹೇಳಿ ಬರುತ್ತಾಳೆ. ಮಾತು ಬಸ್ಸು ಹತ್ತಿ ನಾರಾಯಣಪೇಟೆಗೆ ಹೋಗುತ್ತದೆ, ಅತ್ತಿಗೆ ಮುಟ್ಟುತ್ತದೆ. ಪತ್ತೇದಾರಿ ಟೀಚರಮ್ಮ! ನಾಳೆಯಿಂದ ಈ ಮಕ್ಕಳ ಮುಂದೆ ಹೆಂಗೆ ನಿಲ್ಲಬೇಕು, ಈ ಶಾಲೆಯಲ್ಲಿ ಹೆಂಗೆ ಇರಬೇಕು? ಅಷ್ಟು ಅಂದುಕೊಂಡದ್ದೇ ತಡ, ನಿನ್ನೆ ಇದೇ ಮಾತನ್ನು ಯಾರ ಬಾಯಿಂದ ಕೇಳಿದ್ದೆ ಅಂತ ನೆನಪಾಯಿತು. ಅಮ್ಯಾಲ ಆಕಿ ಆ ಮನ್ಯಾಗ ಹೆಂಗ ಇರಬೇಕ್ರಿ.

ನಾಚಿಕೆಯಾಯಿತು. ಆದರೂ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಬೂದಿಯ ತಳಕ್ಕೆ, ಬುಟ್ಟಿಯ ಬುಡ ತಾಗುವವರೆಗೆ ಇಳಿಸಿ ಬಿಟ್ಟು ಬಂದಳು.

ಕುರುಮಮ್ಮ ಅಂಗಳದಲ್ಲಿ ಜರಡಿ ಹಿಡಿದಳು. ಮೊದಲು ಒಂದು ಶಾರ್ಪ್‌ನರ್ ಸಿಕ್ಕಿತು. ಆಮೇಲೆ ಯಾರದೋ ಸುವಾಸನೆಯ ರಬ್ಬರು. ಅವು ಕಳೆದದ್ದೇ ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಬೊಗಸೆಯಲ್ಲಿ ಕರಿಯ ಪೆನ್‌ಡ್ರೈವ್ ಟಣ್ ಅಂತ ಜರಡಿಗೆ ಬಡಿಯಿತು.

“ಬಂತ್ರಿ! ಬಂತ್ರಿ ಟೀಚರ್!” ಮಕ್ಕಳು ಕುಣಿದವು. ಮಹಾಂತಯ್ಯನವರು, “ನೋಡಿದ್ರೇನು ಟೀಚರ್?” ಅಂದು, ಸ್ವತಃ ತಾವೇ ಹುಡುಕಿಕೊಟ್ಟವರ ಠೀವಿಯಲ್ಲಿ ಆಫೀಸಿಗೆ ಹೋದರು. ಪೆನ್‌ಡ್ರೈವ್ ಒರೆಸಿ ಕಂಪ್ಯೂಟರಿಗೆ ಹಾಕಿದರೆ ಆಟ ತೆರೆಯಿತು. ಅಜ್ಜಿ, ಮನೆ, ಸೊಸೆ ಎಲ್ಲ ಇದ್ದರು. ಕದ್ದವರು ಯಾರಂತ ಒಬ್ಬರೂ ಕೇಳಲಿಲ್ಲ.

ಕೇಳಲಿಲ್ಲ ಸರಿ. ಆದರೆ ಮಕ್ಕಳು ಮಾಡಿದ್ದು ಅದಕ್ಕಿಂತ ಕೆಟ್ಟದ್ದಾಗಿತ್ತು. ಶಿರೀಷಾಳಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರು. ಎಂದೂ ಪೆನ್ಸಿಲ್ಲು ಮುಟ್ಟಗೊಡದವಳೊಬ್ಬಳು ತನ್ನ ಹೊಸ ಪೆನ್ಸಿಲ್ಲು ಕೊಟ್ಟಳು. ತಿರುಪತಿ ಚೀಲದಿಂದ ಪೇರಲಹಣ್ಣು ತೆಗೆದು, ಅಂಗಿಗೆ ಒರೆಸಿ ಅವಳ ಕೈಗಿಟ್ಟ. “ಇರಲಿ ಬಿಡು, ಆಗತೈತಿ,” ಅಂದ. ಕ್ಷಮಿಸಿದವರ ದೊಡ್ಡತನ ಎಲ್ಲರ ಮುಖದಲ್ಲೂ ಎದ್ದು ಕಾಣುತ್ತಿತ್ತು. ಶಿರೀಷಾ ಹಣ್ಣು ಹಿಡಿದುಕೊಂಡು ಕೂತಿದ್ದಳು. ತಿನ್ನಲಿಲ್ಲ, ಬೇಡ ಅಂತ ಹಿಂದಕ್ಕೂ ಕೊಡಲಿಲ್ಲ. ಬಸವೇಶ್ವರಿಗೆ ಅದನ್ನು ನೋಡಲಾಗಲಿಲ್ಲ, ಕೈ ತೊಳೆಯುವ ನೆಪದಲ್ಲಿ ನೀರಿನ ತೊಟ್ಟಿಯ ಕಡೆ ಹೋದಳು.

ಹಿಂದೆಯೇ ಶಿರೀಷಾ ಬಂದಳು. ಹಣ್ಣನ್ನು ಕಟ್ಟೆಯ ಮೇಲಿಟ್ಟು, ತಂಬಿಗೆಯಲ್ಲಿ ನೀರು ತೆಗೆದುಕೊಂಡು, “ಹಾಕಲೇನ್ರಿ?” ಅಂದಳು. ಟೀಚರ ಕೈಗೆ ನೀರು ಹಾಕುವುದು ದಿನದ ರೂಢಿ. ಬಸವೇಶ್ವರಿ ಕೈ ಚಾಚಿದಳು. ಬೆರಳು, ಅಂಗೈ, ಮಣಿಕಟ್ಟು ತೊಳೆದಾಯಿತು. ನೀರು ಹಾಕುತ್ತಿದ್ದ ಕೈ ನಿಂತಿತು.

“ಇನ್ನಾ ಐತ್ರಿ ಟೀಚರ್. ಮೊಣಕೈ ತನಕ ಆಗೇತಿ.”

ಬಸವೇಶ್ವರಿ ನೋಡಿಕೊಂಡಳು. ಹೌದು. ಉಳಿದವರಿಗೆಲ್ಲ ಮಣಿಕಟ್ಟಿನವರೆಗೆ, ತನ್ನ ಕೈ ಮಾತ್ರ ಮೊಣಕೈಯವರೆಗೆ ಬೂದಿಯಿಂದ ಬೆಳ್ಳಗಿತ್ತು. ತಲೆಯೆತ್ತಿದರೆ ಶಿರೀಷಾ ಅವಳನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಪ್ರಶ್ನೆಯೂ ಇರಲಿಲ್ಲ. ನಿನ್ನೆ ಸಣ್ಣ ಸೊಸೆಯ ಚಿತ್ರವನ್ನು ನೋಡಿದಂತೆಯೇ ನೋಡುತ್ತಿದ್ದಳು.

“ಶಿರೀಷಾ, ಅದು…”

“ಹೇಳಬಾರದ್ರಿ,” ಅಂದಳು ಶಿರೀಷಾ. ಉಳಿದ ನೀರನ್ನು ಮೊಣಕೈಗೆ ಹಾಕಿ, ಹಣ್ಣು ತೆಗೆದುಕೊಂಡು ಕ್ಲಾಸಿಗೆ ಹೋದಳು.

ಬಸವೇಶ್ವರಿ ತೊಟ್ಟಿಯ ಹತ್ತಿರ ಮೊಣಕೈ ತಿಕ್ಕಿಕೊಂಡಳು. ಬೂದಿ ಇಡುವುದು ಕದ್ದವರಿಗೆ, ಸರಿ. ಆದರೆ ಇಲ್ಲಿ ಕಳುವೇ ಆಗಿರಲಿಲ್ಲವಲ್ಲ! ಆಗದ ಕಳುವನ್ನು ಆ ಕೂಸು ಸುಮ್ಮನೆ ಹೊತ್ತುಕೊಂಡು ಕೂತಿದೆ, ಕೈಯಲ್ಲೊಂದು ಪೇರಲಹಣ್ಣು ಹಿಡಿದುಕೊಂಡು. ಅತ್ತಿ ನಗಲಿ. ಮಕ್ತಲ್ ನಗಲಿ. ಗದ್ವಾಲವೂ ನಗಲಿ, ಹಾಳಾಗಿ ಹೋಗಲಿ. ಒದ್ದೆ ಕೈಯಲ್ಲೇ ಕ್ಲಾಸಿಗೆ ನಡೆದಳು.

“ಎಲ್ಲಾರೂ ಕೇಳ್ರಿ. ಪೆನ್‌ಡ್ರೈವ್ ಯಾರೂ ತಗೊಂಡಿಲ್ಲ. ನನ್ನ ಕೊರಳಾಗ, ಈ ಕಾರ್ಡಿನ ಹಿಂದ ಇತ್ತು. ನಾನೇ ಇಟ್ಟು ಮರತಿದ್ದೆ. ಒಳಗ ಹೋದಾಗ ಸಿಕ್ತು. ನಾಚಿಕಿ ಆತು, ಬೂದ್ಯಾಗ ಬಿಟ್ಟು ಬಂದೆ. ಶಿರೀಷಾಂದು ಏನೂ ತಪ್ಪಿಲ್ಲ. ತಪ್ಪು ನಂದು.”

ಎದ್ದಿತು ನೋಡ್ರಿ ಕ್ಲಾಸಿನಲ್ಲಿ ಗದ್ದಲ!

“ಏನ್ರಿ ಟೀಚರ್!”

“ಹೇಳಬಾರದಂತ ಹೇಳಿರ್ಲಿಲ್ಲೇನ್ರಿ?”

“ಎಲ್ಲಾ ಕೆಡಿಸಿಬಿಟ್ರಲ್ರಿ!”

ತಿರುಪತಿ ಎರಡೂ ಕೈಯಿಂದ ಹಣೆ ಹಣೆ ಬಡಿದುಕೊಂಡ. “ಅಯ್ಯ ನನ್ನ ಶಿವನೇ! ನಿಮಗ ಎಷ್ಟು ಸಲ ಹೇಳಬೇಕ್ರಿ? ಬೂದ್ಯಾಗ ಬಿಟ್ಟ ಮ್ಯಾಲ ಮುಗೀತ್ರಿ! ಯಾರಾದ್ರೂ ಹೇಳ್ತಾರೇನ್ರಿ? ನಾಳೆ ಗದ್ವಾಲದಾಗ ಹಿಂಗ ಮಾಡಬ್ಯಾಡ್ರಿ ಮತ್ತ!”

“ಇಲ್ಲಪ್ಪ.”

“ಆ ಅಡಗಿಮನಿ ಬೂದ್ಯಾಗ ಬುಗುಡಿ ಇಡ್ರಿ ಇವತ್ತ. ಒತ್ತಿದ್ರ ಸಿಗಬೇಕು. ಏನೂ ಇಲ್ಲ ಅನ್ನಬಾರದು.”

“ಇಡ್ತೀನಪ್ಪ. ಈಗ ಇಡ್ತೀನಿ.”

“ಯಾರು ಬಿಟ್ರು ಅಂತ ತೋರಿಸಬಾರದ್ರಿ!” ಅಂತ ಇನ್ನೊಬ್ಬಳು ಕೂಗಿದಳು.

“ತೋರಿಸೂದಿಲ್ಲವ್ವ!” ಅಂದಳು ಬಸವೇಶ್ವರಿ. ಈ ಮಕ್ಕಳ ಕೈಯಲ್ಲಿ ತನ್ನ ತಲೆ ಕೆಟ್ಟು ಮೊಸರಾಗುವುದು ಖಂಡಿತ ಅನ್ನಿಸಿತು. ಕಂಪ್ಯೂಟರಿನ ಮುಂದೆ ಕೂತು ಅಡುಗೆಮನೆಯ ಚಿತ್ರ ತೆರೆದಳು. ಬೆನ್ನ ಹಿಂದೆ ಇನ್ನೂ ಬೈಗುಳ ನಡೆದೇ ಇತ್ತು.

ಆ ಗದ್ದಲದಲ್ಲಿ ಬೈಯದೆ ಕೂತವಳು ಶಿರೀಷಾ ಒಬ್ಬಳೇ. ಕೈಯಲ್ಲಿದ್ದ ಪೇರಲಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಕಚ್ಚಿದಳು.